ಖಾಲಿ ಮಾಲಿನಲ್ಲಿ ನಾಲ್ಕು ಸುತ್ತು

ಅತ್ತೆಗೆ ಸಕ್ಕರೆ ಕಾಯಿಲೆ. ದಿನಾ ಅರ್ಧ ಗಂಟೆ ನಡೆಯಲೇಬೇಕು ಅಂತ ಹಾಸನದ ಡಾಕ್ಟರು ಚೀಟಿಯಲ್ಲಿ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು ಕಳಿಸಿದ್ದರು. ಆ ಚೀಟಿಯನ್ನು ಅತ್ತೆ ಪಾಸ್‌ಪೋರ್ಟಿನ ಜೊತೆಯಲ್ಲೇ ಇಟ್ಟುಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದರು. ಬಂದಿದ್ದು 2017ರ ಜನವರಿಯಲ್ಲಿ. ವರ್ಷಗಟ್ಟಲೆ ಬರ ಅನುಭವಿಸಿದ ಈ ನಾಡಿನಲ್ಲಿ ಆ ವರ್ಷ ಮಳೆ ಹಿಡಿಯಿತು ನೋಡಿ, ಬಿಡೋ ಲಕ್ಷಣವೇ ಇಲ್ಲ. ಮೂರು ದಿನ ಮನೆಯೊಳಗೇ ಸೋಫಾದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಸೋಫಾಕ್ಕೆ ನಡೆದರು. ನಾಲ್ಕನೇ ದಿನ, "ಹೀಗೆ ಗಾಣದೆತ್ತಿನ ಹಾಗೆ ಸುತ್ತಿದ್ರೆ ಸಕ್ಕರೆ ಇಳಿಯಲ್ಲ ಕಣಮ್ಮ, ತಲೆ ತಿರುಗುತ್ತೆ ಅಷ್ಟೆ" ಅಂದರು.

ಆಗ ನೆನಪಾಯಿತು ವ್ಯಾಲ್ಕೋ.

ಸನ್ನಿವೇಲಿನ ನಮ್ಮ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷ. ಕುಪರ್ಟಿನೋ ಊರಿನಲ್ಲಿ ಸ್ಟೀವನ್ಸ್ ಕ್ರೀಕ್ ರಸ್ತೆಯೂ ವುಲ್ಫ್ ರಸ್ತೆಯೂ ಸೇರುವ ಕಡೆ ಇದ್ದ ಮಾಲ್ ಅದು. ಅದರ ಮುಂದೆ ವಾರಕ್ಕೆ ನಾಲ್ಕು ಸಲವಾದರೂ ಕಾರಿನಲ್ಲಿ ಹಾದುಹೋಗುತ್ತಿದ್ದೆ. ಒಳಗೆ ಕಾಲಿಟ್ಟು ಎಷ್ಟು ವರ್ಷವಾಗಿತ್ತೋ, ಲೆಕ್ಕ ಸಿಗಲಿಲ್ಲ. "ಅತ್ತೆ, ಒಂದು ಮಾಲ್ ಇದೆ. ಅಂಗಡಿ ಎಲ್ಲಾ ಮುಚ್ಚಿವೆ. ಆದರೆ ಸೂರು ಇದೆ, ನೆಲ ಒಣಗಿದೆ" ಅಂದೆ. "ನಡೆಯೋಕೆ ಅಂಗಡಿ ಯಾಕೆ?" ಅಂತ ಅತ್ತೆ ಆಗಲೇ ಕಾಲುಚೀಲ ಹಾಕಿಕೊಳ್ಳಲು ಶುರು ಮಾಡಿದರು.

ಸಾವಿರಾರು ಕಾರು ನಿಲ್ಲುವ ಜಾಗದಲ್ಲಿ ಅವತ್ತು ಇದ್ದ ಕಾರುಗಳನ್ನು ಬೆರಳಲ್ಲೇ ಎಣಿಸಬಹುದಿತ್ತು. ಅವೂ ಸಿನಿಮಾ ಥಿಯೇಟರಿನ ಬಾಗಿಲ ಬಳಿ ಗುಂಪಾಗಿ ನಿಂತಿದ್ದವು, ಒಂಟಿಯಾಗಿ ನಿಲ್ಲೋಕೆ ಹೆದರಿದ ಹಾಗೆ. ಗಾಜಿನ ಬಾಗಿಲು ತಳ್ಳಿದೆ. ತೆರೆಯಿತು. ಒಳಗೆ ದೀಪ ಉರಿಯುತ್ತಿತ್ತು. ನೆಲ ಯಾರೋ ಆಗಷ್ಟೇ ಒರೆಸಿದ ಹಾಗೆ ಹೊಳೆಯುತ್ತಿತ್ತು. ಎರಡೂ ಕಡೆ ಅಂಗಡಿಗಳಿಗೆ ಶಟರ್ ಎಳೆದಿತ್ತು. ಬೋರ್ಡಿನ ಅಕ್ಷರಗಳನ್ನು ಕಿತ್ತಿದ್ದರು. ಆದರೂ ಕಿತ್ತ ಜಾಗದಲ್ಲಿ ಗೋಡೆಯ ಬಣ್ಣ ಮಾಸದೆ ಉಳಿದಿದ್ದರಿಂದ ಕೆಲವು ಹೆಸರುಗಳನ್ನು ಓದಬಹುದಿತ್ತು. ಹಣೆಯ ಮೇಲೆ ಕುಂಕುಮ ಇದ್ದ ಗುರುತಿನ ಹಾಗೆ.

ಅತ್ತೆ ನಿಂತು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಇದೇನಮ್ಮ, ಪ್ಲೇಗು ಬಂದು ಊರು ಬಿಟ್ಟ ಹಾಗಿದೆ!" ಅಂದರು. ಅವರ ಅಜ್ಜಿ ಹೇಳುತ್ತಿದ್ದರಂತೆ, ಪ್ಲೇಗಿನ ಕಾಲದಲ್ಲಿ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡಿದ್ದನ್ನು. "ಇವರಿಗೆ ಏನು ಬಂತು?"

ಅದಕ್ಕೆ ಉತ್ತರ ಹೇಳೋದಕ್ಕೆ ಮುಂಚೆ ನಿಮಗೆ ಈ ಮಾಲ್‌ನ ಕಥೆ ಸ್ವಲ್ಪ ಹೇಳಬೇಕು.

ಈಗ ಕಂಪ್ಯೂಟರ್ ಕಂಪನಿಗಳ ಹೆಸರಿನಲ್ಲಿ ಜಗತ್ತಿಗೆಲ್ಲ ಗೊತ್ತಿರುವ ಈ ಕಣಿವೆ ಒಂದು ಕಾಲಕ್ಕೆ ಹಣ್ಣಿನ ತೋಟಗಳ ಸೀಮೆ. ಏಪ್ರಿಕಾಟ್, ಪ್ರೂನ್, ಚೆರ್ರಿ. ನಮ್ಮ ತಿಪಟೂರು ಕಡೆ ತೆಂಗು ಹೇಗೋ ಹಾಗೆ. ಯುದ್ಧ ಮುಗಿದ ಮೇಲೆ ಒಂದೊಂದೇ ತೋಟ ಮಾಯವಾಗಿ ಕಾರ್ಖಾನೆ, ಮನೆ, ರಸ್ತೆ ಬಂದವು. 'ವ್ಯಾಲ್ಕೋ' ಅನ್ನುವ ಹೆಸರು ನೋಡಿದರೆ ಯಾವುದೋ ಕಂಪನಿ ಹೆಸರು ಅನ್ನಿಸುತ್ತದೆ. ನಿಜವಾಗಿ ಅದು ಆ ಜಮೀನನ್ನು ಅಭಿವೃದ್ಧಿ ಮಾಡಿದವರ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿ ಮಾಡಿದ್ದು: ವೇರಿಯನ್ ಕಂಪನಿ, ಮತ್ತೆ ಲಿಯೊನಾರ್ಡ್, ಲೆಸ್ಟರ್, ಕ್ರಾಫ್ಟ್, ಆರ್ಲ್ಯಾಂಡೊ ಎಂಬ ಕುಟುಂಬಗಳು. ತೋಟ ಹೋಯಿತು, ತೋಟದವರ ಮೊದಲಕ್ಷರ ಉಳಿಯಿತು. ನಮ್ಮೂರಲ್ಲೂ ಬಡಾವಣೆಗಳಿಗೆ ಹಾಗೇ ತಾನೆ ಹೆಸರು ಬರೋದು?

ಮಾಲ್ ತೆರೆದದ್ದು 1976ರಲ್ಲಿ. ಎರಡಂತಸ್ತು. ವುಲ್ಫ್ ರಸ್ತೆಯ ಎರಡೂ ಬದಿಗೆ ಹರಡಿಕೊಂಡು, ರಸ್ತೆಯ ಮೇಲೆ ಸೇತುವೆ ಕಟ್ಟಿಕೊಂಡಿತ್ತು. ಕೆಳಗೆ ಕಾರು ಓಡುತ್ತಿದ್ದರೆ ಮೇಲೆ ಜನ ಓಡಾಡುತ್ತಿದ್ದರು. ಸಿಯರ್ಸ್, ಜೆಸಿಪೆನ್ನಿ, ಆಮೇಲೆ ಮೇಸೀಸ್ ಅಂತ ಮೂರು ದೊಡ್ಡ ಅಂಗಡಿ. ಜೊತೆಗೆ ಮಕ್ಕಳು ಜಾರುವ ಮಂಜಿನ ಅಂಗಳ, ಅಂದರೆ ಐಸ್ ರಿಂಕ್. ಹೊರಗೆ ಸೆಕೆ ಇರಲಿ ಮಳೆ ಇರಲಿ, ಒಳಗೆ ವರ್ಷವಿಡೀ ಐಸು.

ನಾನು ಈ ದೇಶಕ್ಕೆ ಬಂದದ್ದು 1997ರಲ್ಲಿ, ಮದುವೆಯಾಗಿ ಎರಡು ತಿಂಗಳಿಗೆ. ಯಜಮಾನರಿಗೆ ಎಚ್-1 ವೀಸಾ, ನನಗೆ ಎಚ್-4. ಎಚ್-4 ಅಂದರೆ ಏನು ಅಂತ ಆ ಕಾಲದಲ್ಲಿ ಬಂದ ಹೆಂಗಸರನ್ನು ಕೇಳಿ. ಗಂಡನ ಜೊತೆ ಇರಬಹುದು, ಅಡುಗೆ ಮಾಡಬಹುದು, ಓದಬಹುದು. ಕೆಲಸ ಮಾಡಿ ಒಂದು ಡಾಲರ್ ದುಡಿಯುವ ಹಾಗಿಲ್ಲ. ಕೆಲವು ಎಚ್-4 ಹೆಂಗಸರಿಗಾದರೂ ದುಡಿಯಲು ಪರವಾನಗಿ ಸಿಕ್ಕಿದ್ದು 2015ರಲ್ಲಿ. ಬಿ.ಎಸ್‌ಸಿ. ಮಾಡಿ, ಎರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ ಬಂದವಳು ನಾನು. ಬೆಳಿಗ್ಗೆ ಎಂಟಕ್ಕೆ ಅವರು ಇದ್ದ ಒಂದೇ ಕಾರು ತೆಗೆದುಕೊಂಡು ಹೋದರೆ ಸಂಜೆ ಏಳರವರೆಗೆ ಆ ಅಪಾರ್ಟ್‌ಮೆಂಟಿನಲ್ಲಿ ನಾನೂ, ಗೋಡೆಯೂ, ಫ್ರಿಜ್ಜಿನ ಸದ್ದೂ. ಇಂಡಿಯಾಕ್ಕೆ ಫೋನ್ ಮಾಡಲು ಕಾರ್ಡು ಕೊಳ್ಳಬೇಕು. ಮಾತಾಡುವಾಗ ಮಧ್ಯೆ ಮಧ್ಯೆ ಒಂದು ಹೆಂಗಸಿನ ಧ್ವನಿ ಉಳಿದ ನಿಮಿಷ ಹೇಳುತ್ತಿತ್ತು. ಅಮ್ಮನಿಗೆ ಅಳು ಕೇಳಿಸದ ಹಾಗೆ ಮಾತು ಮುಗಿಸಲು ಅದು ಒಳ್ಳೆ ನೆಪ.

ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಮನುಷ್ಯರ ಮುಖ ಕಾಣುವ ಜಾಗ ಅಂದರೆ ವ್ಯಾಲ್ಕೋ ಒಂದೇ. ಈ ಊರುಗಳ ಬೀದಿಯಲ್ಲಿ ಜನ ಇರುವುದಿಲ್ಲ, ಕಾರು ಇರುತ್ತದೆ. ಜನ ನೋಡಬೇಕಾದರೆ ಎಲ್ಲಾದರೂ ಒಳಗೆ ಹೋಗಬೇಕು. ಬೇರೆ ಎಲ್ಲಿ ಒಳಗೆ ಹೋದರೂ ಏನಾದರೂ ಕೊಳ್ಳಬೇಕು. ಮಾಲ್‌ನಲ್ಲಿ ಮಾತ್ರ ಏನೂ ಕೊಳ್ಳದೆ ಬೆಂಚಿನ ಮೇಲೆ ಎರಡು ಗಂಟೆ ಕೂತರೂ ಯಾರೂ 'ಯಾಕೆ ಕೂತಿದ್ದೀಯ' ಅನ್ನುತ್ತಿರಲಿಲ್ಲ.

ಅದೇ ವರ್ಷ ನವೆಂಬರಿನಲ್ಲಿ ಅಮ್ಮ ಬಂದಳು, ನನ್ನ ಬಾಣಂತನಕ್ಕೆ. ತಿಪಟೂರಿನಿಂದಾಚೆ ಅಂದರೆ ಧರ್ಮಸ್ಥಳ, ಮೈಸೂರು, ಒಂದು ಸಲ ತಿರುಪತಿ. ಅಷ್ಟು ನೋಡಿದ್ದವಳು ಒಬ್ಬಳೇ ಎರಡು ವಿಮಾನ ಹತ್ತಿ ಬಂದಿದ್ದಳು, ಚೀಲದಲ್ಲಿ ಒಣಕೊಬ್ಬರಿ, ಬಾಣಂತಿ ಖಾರದ ಪುಡಿ, ಓಮ ತುಂಬಿಕೊಂಡು. ಆ ವರ್ಷವೂ ಎಲ್ ನಿನೊ ಮಳೆ. ನನಗೆ ಏಳು ತುಂಬಿತ್ತು. ಚೆನ್ನಾಗಿ ನಡೆಯಬೇಕು ಅಂತ ಇಲ್ಲಿಯ ಡಾಕ್ಟರೂ ಹೇಳಿದ್ದರು. ಅಮ್ಮನನ್ನು ಕರೆದುಕೊಂಡು ವ್ಯಾಲ್ಕೋಗೆ ಹೋದೆ.

ನೂಲಿನ ಸೀರೆ, ಅದರ ಮೇಲೆ ನಮ್ಮವರ ಹಳೇ ಸ್ವೆಟರು, ಕಿವಿಗೆ ಸ್ಕಾರ್ಫು, ಕಾಲಿಗೆ ನನ್ನ ಬಿಳೀ ಶೂ. ಅಮ್ಮ ಬಾಗಿಲಲ್ಲೇ ನಿಂತು ಮೇಲೆ ಕೆಳಗೆ ನೋಡಿ, "ಸಂತೆಗೆ ಸೂರು ಹಾಕಿದ್ದಾರೆ ಕಣೇ" ಅಂದಳು. ಎರಡು ಹೆಜ್ಜೆ ಹೋಗಿ, "ಆದ್ರೆ ಯಾರೂ ಕೂಗ್ತಾನೇ ಇಲ್ವಲ್ಲ" ಅಂದಳು. ಚೌಕಾಸಿಯಿಲ್ಲದ ಸಂತೆ ಅವಳಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಪ್ರತಿ ಬೆಲೆಯನ್ನೂ ಡಾಲರಿಗೆ 40 ರೂಪಾಯಿ ಲೆಕ್ಕ ಹಾಕಿ, ಒಂದು ಕಾಲುಚೀಲದ ಬೆಲೆಗೆ ನಮ್ಮೂರಲ್ಲಿ ಒಂದು ಮೂಟೆ ಕಾಯಿ ಬರುತ್ತೆ ಅಂತ ಹೇಳಿ, ಇಟ್ಟಲ್ಲೇ ಇಟ್ಟು ಬರುತ್ತಿದ್ದಳು. ಮೂಟೆಯ ಲೆಕ್ಕ ಉತ್ಪ್ರೇಕ್ಷೆ. ಬೇಸರ ಮಾತ್ರ ನಿಜ.

ಸುತ್ತು ಎಣಿಸೋದಕ್ಕೆ ಅವಳದ್ದೇ ಒಂದು ಉಪಾಯ. ಸ್ವೆಟರಿನ ಬಲಗಡೆ ಜೇಬಿನಲ್ಲಿ ನಾಲ್ಕು ಒಂದು ಸೆಂಟಿನ ನಾಣ್ಯ. ಈ ತುದಿಯಿಂದ ಸೇತುವೆ ದಾಟಿ ಆ ತುದಿಗೆ ಹೋಗಿ ವಾಪಸ್ ಬಂದರೆ ಒಂದು ನಾಣ್ಯ ಎಡಗಡೆ ಜೇಬಿಗೆ. ನಾಲ್ಕೂ ಆ ಕಡೆ ಸೇರಿದರೆ ಅವತ್ತಿನ ನಡಿಗೆ ಮುಗಿಯಿತು. ಆಮೇಲೆ ಐಸ್ ರಿಂಕ್ ಹತ್ತಿರದ ಬೆಂಚು.

ಆ ಬೆಂಚಿನಲ್ಲಿ ಸಿಕ್ಕವಳೇ ಚೀನಾ ಅಜ್ಜಿ. ತೈವಾನಿನವಳೋ ಚೀನಾದವಳೋ ನಮಗೆ ಗೊತ್ತಾಗಲೇ ಇಲ್ಲ. ಅಮ್ಮನ ಬಾಯಲ್ಲಿ ಅವಳು 'ಚೀನಾ ಅಜ್ಜಿ'. ಅಮ್ಮನಷ್ಟೇ ವಯಸ್ಸು, ಅಮ್ಮನಷ್ಟೇ ಎತ್ತರ, ಅವಳೂ ಮಗನ ಸ್ವೆಟರನ್ನೇ ಹಾಕಿಕೊಂಡು ಬರುತ್ತಿದ್ದಳು. ಅಮ್ಮನಿಗೆ ಇಂಗ್ಲಿಷ್ ಬಾರದು, ಅವಳಿಗೂ ಬಾರದು. ಅಮ್ಮ ಕನ್ನಡದಲ್ಲಿ ಮಾತಾಡುತ್ತಿದ್ದಳು, ಅವಳು ಚೀನೀ ಭಾಷೆಯಲ್ಲಿ. ಒಂದು ವಾರದಲ್ಲಿ ಅಮ್ಮ ನನಗೆ ವರದಿ ಒಪ್ಪಿಸಿದಳು: "ಅವಳಿಗೆ ಮೂರು ಮೊಮ್ಮಕ್ಕಳು ಕಣೇ, ದೊಡ್ಡದು ಗಂಡು. ಸೊಸೆ ಕೆಲಸಕ್ಕೆ ಹೋಗ್ತಾಳೆ. ಇವಳಿಗೂ ಮಂಡಿ ನೋವು, ಎಡಗಡೆದು." ಹೇಗೆ ತಿಳಿಯಿತಮ್ಮ ಅಂದರೆ, "ಹೇಳಿದ್ಲು" ಅಷ್ಟೆ.

ಜನವರಿಯಲ್ಲಿ ಮಗಳು ಹುಟ್ಟಿದಳು. ನಲವತ್ತು ದಿನ ನನ್ನನ್ನು ಹೊಸಲು ದಾಟಿಸಲಿಲ್ಲ ಅಮ್ಮ. ಮಾರ್ಚಿನಲ್ಲಿ ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿ, ನನ್ನ ತಲೆಗೆ ಕಿವಿ ಮುಚ್ಚುವ ಹಾಗೆ ಬಟ್ಟೆ ಕಟ್ಟಿಸಿ ಮತ್ತೆ ವ್ಯಾಲ್ಕೋಗೆ ಹೊರಡಿಸಿದಳು. ಚೀನಾ ಅಜ್ಜಿ ಮಗುವಿನ ಮುಖ ನೋಡಿ, ಒಂದು ಪುಟ್ಟ ಕೆಂಪು ಲಕೋಟೆಯಲ್ಲಿ ಎರಡು ಡಾಲರ್ ಇಟ್ಟು ಗಾಡಿಯೊಳಗೆ ಸಿಕ್ಕಿಸಿದಳು. "ನೋಡು, ಇವರಲ್ಲೂ ಮುಯ್ಯಿ ಮಾಡ್ತಾರೆ" ಅಂತ ಅಮ್ಮನಿಗೆ ಸಂಭ್ರಮವೋ ಸಂಭ್ರಮ. ಮಾರನೇ ದಿನದಿಂದ ಸ್ಟೀಲಿನ ಡಬ್ಬಿ ಬರತೊಡಗಿತು. ಕೋಡುಬಳೆ, ಕೊಬ್ಬರಿ ಮಿಠಾಯಿ, ಒಂದೊಂದು ದಿನ ಚಿತ್ರಾನ್ನ. ಅಜ್ಜಿ ಕಿತ್ತಳೆ ಹಣ್ಣು ಸುಲಿದು ತೊಳೆ ತೊಳೆಯಾಗಿ ಬಿಡಿಸಿ ಕೊಡುತ್ತಿದ್ದಳು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಸಿಹಿ ನೆನಪು. ನಿಲ್ಲಿಸುವ ಹಾಗಿಲ್ಲ.

ಏಪ್ರಿಲ್‌ನ ಒಂದು ಶನಿವಾರ. ಮಾಲ್ ತುಂಬಾ ಜನ. ಅಮ್ಮನೂ ಆ ಅಜ್ಜಿಯೂ ಡಬ್ಬಿಯನ್ನು ನಡುವೆ ಇಟ್ಟುಕೊಂಡು ಕೈಯಲ್ಲೇ ಚಿತ್ರಾನ್ನ ತಿನ್ನುತ್ತಿದ್ದರು. ಒಗ್ಗರಣೆ, ಇಂಗಿನ ವಾಸನೆ ಘಮ್ಮಂತ. ಆಗ ಎದುರಿನಿಂದ ನಮ್ಮವರ ಆಫೀಸಿನ ಒಬ್ಬರ ಹೆಂಡತಿ ಬರುವುದು ಕಾಣಿಸಿತು. ಪಾರ್ಟಿಯೊಂದರಲ್ಲಿ ನೋಡಿದ್ದೆ. ಕತ್ತರಿಸಿದ ಕೂದಲು, ಸೊಗಸಾದ ಕೋಟು, ಇಲ್ಲಿಯವರ ಹಾಗೇ ಮಾತು. ನನಗೆ ಏನಾಯಿತೋ. ಬಗ್ಗಿ, ಹಲ್ಲು ಕಚ್ಚಿಕೊಂಡು, "ಅಮ್ಮಾ, ಡಬ್ಬಿ ಮುಚ್ಚು. ಇಲ್ಲಿ ಹೀಗೆಲ್ಲಾ ತಿನ್ನಬಾರದು" ಅಂದೆ.

ಅಂಥ ನಿಯಮವೇನೂ ಇರಲಿಲ್ಲ. ಎರಡು ಬೆಂಚಿನಾಚೆ ಹುಡುಗರು ಪಿಜ್ಜಾ ತಿನ್ನುತ್ತಿದ್ದರು.

ಅಮ್ಮ ಡಬ್ಬಿ ಮುಚ್ಚಿದಳು. ಕೈ ಒರೆಸಿಕೊಂಡಳು. ಆ ಹೆಂಗಸು ನನ್ನನ್ನು ಗುರುತೂ ಹಿಡಿಯದೆ ಮುಂದೆ ಹೋದಳು. ಮಾರನೇ ದಿನ ಡಬ್ಬಿ ಬರಲಿಲ್ಲ. ಚೀನಾ ಅಜ್ಜಿ ಎಂದಿನ ಹಾಗೆ ಕಿತ್ತಳೆ ತೊಳೆ ಚಾಚಿದಳು. ಅಮ್ಮ ಕೈ ನೀಡುವ ಮುಂಚೆ ಒಂದು ಕ್ಷಣ ನನ್ನ ಮುಖ ನೋಡಿದಳು, ತೆಗೆದುಕೊಳ್ಳಬಹುದಾ ಅಂತ. ನನ್ನನ್ನು ಹೆತ್ತು, ಗದರಿ, ತಿದ್ದಿ ಬೆಳೆಸಿದವಳು ನನ್ನ ಅಪ್ಪಣೆಗೆ ಕಾಯುತ್ತಿದ್ದಳು. ಆ ನೋಟ ನನಗೆ ಇವತ್ತಿಗೂ ಹೋಗಿಲ್ಲ.

ಮೇ ತಿಂಗಳಲ್ಲಿ ಅಮ್ಮ ಊರಿಗೆ ಹೋದಳು. ಸ್ವೆಟರು ಒಗೆಯಲು ತೆಗೆದರೆ ಎಡಗಡೆ ಜೇಬಿನಲ್ಲಿ ನಾಲ್ಕು ನಾಣ್ಯ.

ಆಮೇಲೆ ನಾನು ಕಾರು ಕಲಿತೆ. ಗ್ರೀನ್ ಕಾರ್ಡ್ ಬಂತು, ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಕಾರು ಬಂದ ಮೇಲೆ ವ್ಯಾಲ್ಕೋ ಯಾರಿಗೆ ಬೇಕು? ಅದೇ ಸ್ಟೀವನ್ಸ್ ಕ್ರೀಕ್ ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ ವ್ಯಾಲಿ ಫೇರ್ ಅನ್ನುವ ಇನ್ನೂ ದೊಡ್ಡ ಮಾಲು. ಅದರ ಎದುರಿಗೆ 2002ರಲ್ಲಿ ಸಂಟಾನಾ ರೋ ಅಂತ ಥಳಕಿನ ಅಂಗಡಿಬೀದಿ ಬಂತು. ನಾವೂ ಅತ್ತ ತಿರುಗಿದೆವು, ನಮ್ಮಂಥವರೆಲ್ಲ ತಿರುಗಿದರು. ಅದೂ ಹಳತಾದ ಮೇಲೆ ಫೋನಿನಲ್ಲಿ ಒತ್ತಿದರೆ ಮನೆ ಬಾಗಿಲಿಗೇ ಡಬ್ಬ ಬಂದು ಬೀಳುವ ಕಾಲ. ವ್ಯಾಲ್ಕೋದ ಒಡೆತನ ಹಲವರ ಕೈಯಲ್ಲಿ ಹಂಚಿಹೋಗಿತ್ತು. ಒಬ್ಬರು ಒಂದು ಅಂದರೆ ಇನ್ನೊಬ್ಬರು ಇನ್ನೊಂದು. ನಡುವೆ 'ಕುಪರ್ಟಿನೋ ಸ್ಕ್ವೇರ್' ಅಂತ ಹೆಸರು ಬದಲಾಯಿಸಿದರು, 2007ರಲ್ಲಿ ಹದಿನಾರು ಪರದೆಯ ಥಿಯೇಟರ್ ತಂದರು, ಮತ್ತೆ ಹಳೇ ಹೆಸರಿಗೇ ಬಂದರು. ಜನ ಬರಲಿಲ್ಲ. 2015ರಲ್ಲಿ ಮೇಸೀಸ್ ಮುಚ್ಚಿತು, ಅದೇ ವರ್ಷ ಸಿಯರ್ಸ್, 2016ರಲ್ಲಿ ಜೆಸಿಪೆನ್ನಿ. ಮೂರು ಕಂಬವೂ ಬಿದ್ದ ಮೇಲೆ ಚಪ್ಪರ ನಿಲ್ಲುತ್ತದೆಯೆ?

ಅತ್ತೆ ಕೇಳಿದ್ದರಲ್ಲ, ಇವರಿಗೆ ಏನು ಬಂತು ಅಂತ. ನಿಜ ಹೇಳಬೇಕಂದರೆ, ನಮಗೆ ಕಾರು ಬಂತು, ನಮಗೆ ಫೋನು ಬಂತು. ಅದೇ ಬಂದಿದ್ದು.

2009ರಲ್ಲಿ ಅಮ್ಮ ಎರಡನೇ ಸಲ ಬಂದಳು. ಮಂಡಿ ಸವೆದಿತ್ತು. ಬಂದ ವಾರಕ್ಕೇ, "ಆ ಮಾಲ್‌ಗೆ ಒಂದ್ಸಲ ಹೋಗೋಣ ಕಣೇ. ಆ ಅಜ್ಜಿ ಇದ್ದಾಳೋ ಏನೋ" ಅಂದಳು. "ಅಲ್ಲಿ ಈಗ ಏನೂ ಇಲ್ಲಮ್ಮ. ಅವರೆಲ್ಲಿ ಇರ್ತಾರೆ? ಹನ್ನೊಂದು ವರ್ಷ ಆಯ್ತು" ಅಂದೆ. ಮುಂದಿನ ವಾರ ನೋಡೋಣ ಅಂದೆ. ಮುಂದಿನ ವಾರ ಮಗಳ ಪಿಯಾನೋ ಪರೀಕ್ಷೆ, ಅದರ ಮುಂದಿನ ವಾರ ಇನ್ನೇನೋ. ಕೊನೆಗೆ ವ್ಯಾಲಿ ಫೇರ್‌ಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಕಡೆ ಕೂತು ಸುತ್ತ ನೋಡಿ, "ಚೆನ್ನಾಗಿದೆ" ಅಂದಳು. ಮತ್ತೆ ಕೇಳಲಿಲ್ಲ. 2013ರಲ್ಲಿ ತಿಪಟೂರಿನ ಮನೆಯಲ್ಲಿ ನಿದ್ದೆಯಲ್ಲೇ ಹೋದಳು.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ನಾನು ಅತ್ತೆಯ ಹಿಂದೆ ಆ ಖಾಲಿ ಮಾಲಿನಲ್ಲಿ ನಡೆಯುತ್ತಿದ್ದೆ. ತೆರೆದಿದ್ದಷ್ಟು ದೂರ ಹೋಗುವುದು, ತಿರುಗುವುದು. ಅತ್ತೆ ಜಪದ ಲೆಕ್ಕದ ಹಾಗೆ ಹೆಬ್ಬೆರಳಿನಲ್ಲಿ ಬೆರಳ ಗೆಣ್ಣು ಮುಟ್ಟಿ ಸುತ್ತು ಎಣಿಸುತ್ತಿದ್ದರು. ನಮ್ಮ ಶೂ ಸದ್ದು ನಮಗೇ ವಾಪಸ್ ಬರುತ್ತಿತ್ತು. ಎಲ್ಲಿಂದಲೋ ಐಸ್ ಮೇಲೆ ಮಕ್ಕಳು ಜಾರುವ ಸದ್ದು, ನಗು ಕೇಳಿಸಿತು. ರಿಂಕ್ ಇನ್ನೂ ನಡೆಯುತ್ತಿತ್ತು.

ನಾವು ಇಬ್ಬರೇ ಇರಲಿಲ್ಲ. ಎರಡನೇ ಸುತ್ತಿನಲ್ಲಿ ಎದುರಿಗೆ ಒಬ್ಬ ಚೀನೀ ತಾತ, ಕೈ ಹಿಂದೆ ಕಟ್ಟಿಕೊಂಡು. ಅವರ ಹಿಂದೆ ಒಂದು ವಯಸ್ಸಾದ ಜೋಡಿ. ಪಂಚೆ ಮೇಲೆ ದಪ್ಪ ಜಾಕೆಟ್ಟು, ಸೀರೆ ಕೆಳಗೆ ಬಿಳೀ ಶೂ. ನೋಡಿದ ತಕ್ಷಣ ಎದೆ ಧಸಕ್ಕೆಂದಿತು. ಅನಂತಪುರದ ಕಡೆಯವರು. ಅತ್ತೆ ಕನ್ನಡದಲ್ಲಿ ಕೇಳಿದರು, ಅವರು ತೆಲುಗಿನಲ್ಲಿ ಹೇಳಿದರು. ಮಗ ಸೊಸೆ ಇಬ್ಬರೂ ಕೆಲಸಕ್ಕೆ. ಇವರನ್ನು ಬೆಳಿಗ್ಗೆ ಹತ್ತಕ್ಕೆ ಇಲ್ಲಿ ಬಿಟ್ಟು, ಊಟದ ಹೊತ್ತಿಗೆ ಬಂದು ಕರೆದುಕೊಂಡು ಹೋಗುತ್ತಾನಂತೆ ಮಗ. "ಅಂಗಡಿ ಒಂದೂ ಇಲ್ವಲ್ಲ, ಬೇಜಾರಾಗಲ್ವಾ?" ಅಂತ ನಾನು ಕೇಳಿದೆ. ಆಕೆ ನಕ್ಕು ಹೇಳಿದ್ದು: ಅಂಗಡಿ ಇದ್ದಿದ್ದರೆ ದಾರಿ ತುಂಬ ಜನ ಇರುತ್ತಿದ್ದರು, ಹೀಗೆ ಆರಾಮಾಗಿ ನಡೆಯೋಕಾಗುತ್ತಿತ್ತಾ?

ಇಲ್ಲಿ ಒಬ್ಬರ ವಿಷಯ ಹೇಳಬೇಕು. ಅಮೆರಿಕದಲ್ಲಿ ಹೀಗೆ ಪೂರ್ತಿ ಸೂರು ಹೊದ್ದ ಮಾಲ್ ಮೊದಲು ಬಂದದ್ದು 1956ರಲ್ಲಿ, ಮಿನೆಸೋಟಾದ ಸೌತ್‌ಡೇಲ್‌ನಲ್ಲಿ. ಅದನ್ನು ರೂಪಿಸಿದವರು ವಿಕ್ಟರ್ ಗ್ರೂಯೆನ್. ವಿಯೆನ್ನಾದಲ್ಲಿ ಹುಟ್ಟಿ, ಹಿಟ್ಲರನ ಕಾಲದಲ್ಲಿ 1938ರಲ್ಲಿ ಅಮೆರಿಕಕ್ಕೆ ಬಂದವರು. ಕಾರಿನ ಮೇಲೆ ಬದುಕುವ ಈ ಊರುಗಳಲ್ಲಿ ಜನ ಸೇರುವುದಕ್ಕೆ ಒಂದು ಚೌಕ ಬೇಕು, ತನ್ನ ಊರಿನ ಹಾಗೆ ಜನ ಕಾಲ್ನಡಿಗೆಯಲ್ಲಿ ಓಡಾಡಿ ಒಬ್ಬರನ್ನೊಬ್ಬರು ಕಾಣಬೇಕು ಅನ್ನುವುದು ಅವರ ಕನಸು. ಆದರೆ ಆಮೇಲೆ ಬಂದ ಮಾಲ್‌ಗಳು ಸುತ್ತಲೂ ಕಾರಿನ ಸಮುದ್ರ ಇಟ್ಟುಕೊಂಡ ಅಂಗಡಿಗಳಷ್ಟೇ ಆದವು. ಕೊನೆಗಾಲದಲ್ಲಿ ಗ್ರೂಯೆನ್ ಬೇಸತ್ತು, ಇವುಗಳ ಹೊಣೆ ನನ್ನದಲ್ಲ ಅಂದುಬಿಟ್ಟರು. ಇದನ್ನು ಓದಿದಾಗಿನಿಂದ ನನಗೆ ಒಂದೇ ಯೋಚನೆ. ಅವರು ಬಯಸಿದ್ದನ್ನು ಸರಿಯಾಗಿ ಮಾಡಿದವರು ನನ್ನ ಅಮ್ಮ, ಆ ಚೀನಾ ಅಜ್ಜಿ. ಏನೂ ಕೊಳ್ಳದೆ ನಡೆದರು, ಕೂತರು, ತಿಂದರು, ಮಾತಾಡಿದರು. ಅದನ್ನು ನಿಲ್ಲಿಸಿದವಳು ನಾನು.

ನಾಲ್ಕನೇ ಸುತ್ತು ಮುಗಿಸಿ ಅತ್ತೆ ಬೆಂಚಿನ ಮೇಲೆ ಕೂತರು. ಅದೇ ಬೆಂಚೋ, ಬೇರೆಯೋ. ಜಾಗ ಸುಮಾರಾಗಿ ಅದೇ. ಕೂತವರೇ ಕೈಚೀಲದಿಂದ ಒಂದು ಸ್ಟೀಲಿನ ಡಬ್ಬಿ ತೆಗೆದರು. ಅವಲಕ್ಕಿ ಒಗ್ಗರಣೆ. "ಸಕ್ಕರೆ ಇಳಿದುಬಿಟ್ರೆ ಕಷ್ಟ ಅಂತ ಹಾಕ್ಕೊಂಡು ಬಂದೆ" ಅಂದರು. ಮುಚ್ಚಳ ತೆಗೆದ ಕೂಡಲೇ ಇಂಗಿನ ವಾಸನೆ ಬಂತು. ನನ್ನ ಕತ್ತು ತಾನಾಗೇ ಎಡಕ್ಕೆ ಬಲಕ್ಕೆ ಹೊರಳಿತು, ಯಾರಾದರೂ ನೋಡುತ್ತಿದ್ದಾರಾ ಅಂತ. ಇಪ್ಪತ್ತು ವರ್ಷದ ಮೇಲೆ, ಯಾರೂ ಇಲ್ಲದ ಮಾಲಿನಲ್ಲಿ!

ಅತ್ತೆ ಆ ಅನಂತಪುರದವರನ್ನು ಕೈಬೀಸಿ ಕರೆದರು. ಅವರು ಬಂದು ಕೂತರು. ಡಬ್ಬಿಯ ಮುಚ್ಚಳದಲ್ಲಿ ಅವರಿಗೆ ಒಂದಿಷ್ಟು, ಕೈಗೆ ನನಗೊಂದಿಷ್ಟು. ನನಗೆ ತಿನ್ನಲಾಗಲಿಲ್ಲ. ಅವರು ಹೋದ ಮೇಲೆ ಅತ್ತೆಗೆ ಎಲ್ಲಾ ಹೇಳಿದೆ. ಡಬ್ಬಿ ಮುಚ್ಚು ಅಂದದ್ದು, ಮಾರನೇ ದಿನ ಅಮ್ಮ ನನ್ನ ಮುಖ ನೋಡಿದ್ದು, 2009ರಲ್ಲಿ ಕರೆದುಕೊಂಡು ಬರದೇ ಇದ್ದದ್ದು. ನಮ್ಮವರಿಗೂ ಹೇಳಿರದ ಮಾತುಗಳು.

ಅತ್ತೆ ಸಮಾಧಾನ ಹೇಳುವ ಪೈಕಿ ಅಲ್ಲ. ಕೇಳಿಸಿಕೊಂಡು, ಡಬ್ಬಿಯ ಮೂಲೆಯ ಕಡಲೆಬೀಜ ಆರಿಸಿ ತಿಂದು, "ನಿಮ್ಮಮ್ಮ ಆ ಚೀನಾ ಅಜ್ಜಿ ವಿಷಯ ನನ್ನ ಹತ್ರ ನೂರು ಸಲ ಹೇಳಿದ್ದಾರೆ. ಯಾವ ಮದುವೆ, ಮುಂಜಿಯಲ್ಲಿ ಸಿಕ್ಕಿದ್ರೂ ಅದೇ. ಬೀಗಿತ್ತಿಯರೇ, ನಂಗೆ ಅಮೆರಿಕಾದಲ್ಲಿ ಒಬ್ಬ ಸ್ನೇಹಿತೆ ಇದ್ದಾಳೆ ಅಂತ. ಕೆಂಪು ಲಕೋಟೆ ಕಥೆನೂ ಹೇಳಿದ್ದಾರೆ, ಕಿತ್ತಳೆ ಹಣ್ಣಿನ ಕಥೆನೂ ಹೇಳಿದ್ದಾರೆ" ಅಂದರು.

ಸ್ವಲ್ಪ ತಡೆದು, "ನೀನು ಹೇಳಿದ ಕಥೆ ಮಾತ್ರ ಒಂದ್ಸಲವೂ ಹೇಳ್ಲಿಲ್ಲ" ಅಂದರು.

ಮರೆತಿದ್ದಳು ಅಂತಲೋ, ಮುಚ್ಚಿಟ್ಟಿದ್ದಳು ಅಂತಲೋ? ನಾನು ಕೇಳಲಿಲ್ಲ, ಅತ್ತೆ ಹೇಳಲಿಲ್ಲ. ಕೈಯಲ್ಲಿದ್ದ ಅವಲಕ್ಕಿ ತಣ್ಣಗಾಗಿತ್ತು. ತಿಂದೆ. "ಉಪ್ಪು ಕಮ್ಮಿ ಆಯ್ತಾ?" ಅಂದರು. "ಇಲ್ಲ ಅತ್ತೆ, ಸರಿಯಾಗಿದೆ" ಅಂದೆ.

ಆ ಮಳೆಗಾಲ ಮುಗಿಯುವವರೆಗೂ ವಾರಕ್ಕೆ ಮೂರು ದಿನ ಹೋದೆವು. ಒಂದು ದಿನ ಮಗಳೂ ಬಂದಳು. ಅವಳಿಗೆ ಆಗ ಹತ್ತೊಂಬತ್ತು. ಆ ಐಸ್ ರಿಂಕಿನಲ್ಲೇ ಬಿದ್ದು ಎದ್ದು ಜಾರಲು ಕಲಿತವಳು. ಮುಚ್ಚಿದ ಶಟರುಗಳ ಫೋಟೊ ತೆಗೆದುಕೊಳ್ಳುತ್ತಾ, "ತಿಪಟೂರಜ್ಜಿ ಎಲ್ಲಿ ಕೂತ್ಕೊಳ್ತಿದ್ರು?" ಅಂತ ಕೇಳಿದಳು. ತೋರಿಸಿದೆ. ಖಾಲಿ ಬೆಂಚಿನದ್ದೂ ಒಂದು ಫೋಟೊ ತೆಗೆದಳು.

ಈ ಜಾಗಕ್ಕೆ ಮುಂದೇನು ಅನ್ನುವುದು ಆಗಲೇ ಊರಿನ ದೊಡ್ಡ ಜಗಳವಾಗಿತ್ತು. ಮಾಲ್ ಕೊಂಡ ಕಂಪನಿ, ಹಳೆಯದನ್ನು ಕೆಡವಿ ಮನೆ, ಕಚೇರಿ, ಅಂಗಡಿ ಕಟ್ಟಿ, ಎಲ್ಲದರ ಮೇಲೆ 30 ಎಕರೆ ಹಸಿರು ಮಾಡು ಹೊದಿಸುತ್ತೇವೆ ಅಂದಿತ್ತು. ಮನೆ ಬೇಕು ಅಂತ ಕೆಲವರು, ರಸ್ತೆ ತುಂಬುತ್ತೆ, ಶಾಲೆ ತುಂಬುತ್ತೆ ಅಂತ ಕೆಲವರು. 2016ರ ನವೆಂಬರಿನ ಚುನಾವಣೆಯಲ್ಲಿ ಆ ಯೋಜನೆ ಬೇಕು ಅನ್ನುವ ಒಂದು ಪ್ರಸ್ತಾಪ, ಅದಕ್ಕೆ ಕಡಿವಾಣ ಹಾಕುವ ಇನ್ನೊಂದು, ಎರಡನ್ನೂ ಮತಕ್ಕೆ ಹಾಕಿದರು. ಕುಪರ್ಟಿನೋ ಜನ ಎರಡನ್ನೂ ಸೋಲಿಸಿದರು! ಹೆದ್ದಾರಿಯ ಆಚೆ ಆಪಲ್ ಕಂಪನಿಯ ದುಂಡನೆ ಹೊಸ ಕಚೇರಿ ಮೇಲೇಳುತ್ತಿದ್ದಾಗ ಈಚೆ ಈ ಮಾಲ್ ಸಾಯಲೂ ಆಗದೆ ಬದುಕಲೂ ಆಗದೆ ದೀಪ ಉರಿಸಿಕೊಂಡು ಕೂತಿತ್ತು. ಮರುವರ್ಷ, 2018ರ ಮಾರ್ಚಿನಲ್ಲಿ ಥಿಯೇಟರೂ ಮುಚ್ಚಿತು. ಅಕ್ಟೋಬರಿನಲ್ಲಿ ಯಂತ್ರಗಳು ಬಂದು ಕೆಡವಲು ಶುರು ಮಾಡಿದವು.

ನಾನು ಆಫೀಸಿನಿಂದ ಬರುವಾಗ ಸಿಗ್ನಲ್ಲಿನಲ್ಲಿ ನಿಂತು ನೋಡಿದೆ. ಗೋಡೆ ಒಡೆದ ಕಡೆ ಒಳಗಿನ ಎರಡಂತಸ್ತೂ ಬಿಸಿಲಿಗೆ ಕಾಣುತ್ತಿತ್ತು. ಹಿಂದಿನ ಕಾರಿನವನು ಹಾರ್ನ್ ಹೊಡೆದ ಮೇಲೆ ಹೊರಟೆ.

ಆ ರಾತ್ರಿ ಹಾಸನಕ್ಕೆ ಫೋನ್ ಮಾಡಿ ಅತ್ತೆಗೆ ವಿಷಯ ತಿಳಿಸಿದೆ. "ಮಾಲ್ ಕೆಡವ್ತಾ ಇದ್ದಾರೆ ಅತ್ತೆ." ಅವರು ಅಯ್ಯೋ ಅನ್ನುತ್ತಾರೆ, ಅಮ್ಮನ ಮಾತು ಎತ್ತುತ್ತಾರೆ ಅಂದುಕೊಂಡಿದ್ದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಅದೊಂದೇ ಬೆಂಚು.

ಅತ್ತೆ ಕೇಳಿದ್ದು ಬೇರೆ: "ಹಾಗಾದ್ರೆ ಆ ಅನಂತಪುರದವರು, ಆ ಚೀನೀ ತಾತ, ಮಳೆ ಬಂದ್ರೆ ಎಲ್ಲಿ ನಡೀತಾರಮ್ಮ?"